ತಲೆಯ ಮೇಲಿನ ಗುಂಡಿ

ಬಸವಕಲ್ಯಾಣ
೧೪ ಆಗಸ್ಟ್ ೨೦೨೫

ಮುದ್ದಿನ ಮಗಳು ಸಾಕ್ಷಿಗೆ,

ನಿನ್ನ ಅವ್ವ ಜಿಜಾಬಾಯಿ ದೂರದಿಂದಲೇ ನಿನ್ನ ಕೆನ್ನೆ ಸವರಿ ಬರೆಯುವುದೇನೆಂದರೆ, ನಾವಿಲ್ಲಿ ಆರಾಮ. ನೀನೂ ಹೊತ್ತಿಗೆ ಸರಿಯಾಗಿ ಉಂಡು ಆರಾಮಾಗಿದ್ದೀಯೆಂದು ನಂಬಿದ್ದೇನೆ. ಪತ್ರ ತಡವಾಯಿತು, ಸಿಟ್ಟಾಗಬೇಡ. ಸಿಟ್ಟಾದರೂ ಆಗು, ಹಾಗಾದರೂ ನಿನ್ನ ಬಾಯಿಂದ ಒಂದು ಮಾತು ಬರಲಿ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಡ್ಯೂಟಿ ಅದ, ಆಮ್ಯಾಲ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಅಂಗನವಾಡಿಯಲ್ಲಿ ಇಷ್ಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು, ನನಗೇನು ಬರೆಯಲು ಬರುವುದಿಲ್ಲವೇ? ಪತ್ರವನ್ನು ನಡುವೆ ಕಟ್ ಮಾಡಲು ನಿನಗೂ ಆಗುವುದಿಲ್ಲ.

ನಮ್ಮೂರು ಘಾಟಬೋರಾಳದಲ್ಲಿ ನಿನ್ನ ಪಂಡರಿ ಮಾಮನ ಕುರಿಗಳು ಈ ಸಲ ಚೆನ್ನಾಗಿ ಮರಿ ಹಾಕಿವೆ. ಅಲ್ಲಿಗೆ ಹೋದಾಗ ನಮ್ಮ ಹಳೆಯ ಪಕ್ಕದ ಮನೆಯ ಸತ್ಯಮ್ಮ ಸಿಕ್ಕಾಗಲೆಲ್ಲ "ನಿನ್ನ ಮಗಳು ಯಾವಾಗ ಬರ್ತಾಳ?" ಎಂದು ಕೇಳುತ್ತಾಳೆ. ಅವಳಿಗೆ ಏನು ಹೇಳಲಿ? ನಾನು ಕಲ್ಲಿನಾಥರನ್ನು ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದು ವರ್ಷವಾಯಿತು, ಅಂದಿನಿಂದ ನೀನು ಈ ಕಡೆ ಕಾಲಿಟ್ಟಿಲ್ಲ. ಕುರಿಗಳಿಗೆ ಲಸಿಕೆ ಹಾಕಲು ಬರುತ್ತಿದ್ದ ಕಂಪೌಂಡರನಿಗೆ ಜಿಜಾಬಾಯಿ ಗಂಟುಬಿದ್ದಳು ಎಂದು ಊರವರು ಆಡಿಕೊಂಡದ್ದು ನಿನ್ನ ಕಿವಿಗೂ ಬಿತ್ತು. ಬೀಳಲಿ. ನಿನ್ನ ಅಪ್ಪ ಹೋದಾಗ ನೀನು ಲಂಗ ಹಿಡಿದುಕೊಂಡು ಓಡಾಡುವ ಕೂಸು. ನಿನ್ನನ್ನು ಓದಿಸಿ, ಕೆಲಸಕ್ಕೆ ಕಳಿಸಿ, ಆಮೇಲೆ ನಾನು ಮದುವೆಯಾದೆ. ಅದಕ್ಕೆ ತಲೆ ತಗ್ಗಿಸುವವಳು ನಾನಲ್ಲ. ಆದರೆ ನೀನು ಬಾರದಿರುವುದು ಮಾತ್ರ ನನ್ನ ಕರುಳು ಹಿಂಡುತ್ತದೆ, ಮಗಳೇ.

ಅದಕ್ಕೇ ಹೋದ ತಿಂಗಳು ನಾನೇ ಬಂದೆ. ಬೀದರಿನಿಂದ ಬೆಂಗಳೂರಿಗೆ ಹೋಗುವ ವಿಮಾನದಲ್ಲಿ ಗುರುವಾರ ನಿನ್ನ ಡ್ಯೂಟಿ ಎಂದು ಮಾಮನ ಮಗಳು ರಾಜೇಶ್ವರಿ ಹೇಳಿದ್ದಳು. ಹುಮನಾಬಾದ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಟ್ಟು ಮುಗಿಸಿ ಪಕ್ಕದಲ್ಲಿ ಕೂತು ಮಾತಿಗಿಳಿಯುವುದಿಲ್ಲವೇ, ನೀನೂ ಹಾಗೇ ಬಂದು ಕೂಡುತ್ತೀ ಎಂದು ಎಣಿಸಿದ್ದೆ. ಎಂಥ ಹುಚ್ಚಿ ನಾನು!

ಚೀಲದಲ್ಲಿ ನಿನಗೆ ಉಡಿ ತುಂಬಲು ಅಕ್ಕಿ, ಖಣ, ಅರಿಶಿನ ಕೊಂಬು, ಕೊಬ್ಬರಿ ಬಟ್ಟಲು ಇಟ್ಟುಕೊಂಡಿದ್ದೆ. ನೀನು ಟ್ರೇನಿಂಗಿಗೆ ಹೊರಟ ದಿನ ಸತ್ಯಮ್ಮ ನಿನ್ನ ಉಡಿ ತುಂಬಿದಳು. ಗಂಡನಿಲ್ಲದವಳ ಕೈ ಶುಭಕ್ಕೆ ಬೇಡವೆಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ಈಗ ನನ್ನ ಹಣೆಯಲ್ಲಿ ಕುಂಕುಮವಿದೆ, ಯಾರೂ ತಡೆಯುವಂತಿಲ್ಲ. ವಿಮಾನ ಇಳಿಯುವಾಗ ಬಾಗಿಲಲ್ಲಿ ನಿಂತು ನಾನೇ ತುಂಬುತ್ತೇನೆ ಎಂದುಕೊಂಡಿದ್ದೆ. ಕೊಬ್ಬರಿಯನ್ನು ತಪಾಸಣೆಯಲ್ಲೇ ತೆಗೆದಿಟ್ಟರು. "ಅದರಾಗ ಎಣ್ಣಿ ಇರ್ತದ್ರಿ ಆಯಿ, ಬೆಂಕಿ ಹತ್ತತದ, ವಿಮಾನದಾಗ ನಡಿಯಂಗಿಲ್ಲ" ಎಂದ ಆ ಪೊಲೀಸಪ್ಪ. "ಕೊಬ್ಬರಿ ಇಲ್ಲದ ಉಡಿ ಯಾವೂರಾಗ ಅದನೋ?" ಎಂದು ಜಗಳ ತೆಗೆದೆ. ಹಿಂದಿದ್ದವರು ಗೊಣಗತೊಡಗಿದ ಮೇಲೆ ಸುಮ್ಮನಾದೆ.

ವಿಮಾನದ ಬಾಗಿಲಲ್ಲಿ ನೀನೇ ಇದ್ದೆ. ಕೂದಲು ಬಿಗಿದು ಕಟ್ಟಿ, ತುಟಿಗೆ ಬಣ್ಣ ಹಚ್ಚಿ, ಕೈ ಜೋಡಿಸಿ ನಿಂತಿದ್ದೆ. ನಿನ್ನ ಕಣ್ಣು ಗಳಿಗೆ ಹೊತ್ತು ನನ್ನ ಹಣೆಯ ಮೇಲೆ ನಿಂತಿತು. ಆಮೇಲೆ "ನಮಸ್ಕಾರ ಮ್ಯಾಮ್, ನಿಮ್ಮ ಸೀಟು ಆ ಕಡೆ" ಎಂದು ಕೈ ತೋರಿಸಿದೆ. ಜನ ತುಂಬಿದ್ದಾರೆ, ಡ್ಯೂಟಿಯಲ್ಲಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಲ್ಟ್ ಹಾಕುವುದು ಹೇಗೆ, ಉಸಿರು ಕಟ್ಟಿದರೆ ಏನು ಮಾಡಬೇಕು ಎಂದು ನೀನು ನಿಂತು ತೋರಿಸುವಾಗ ಎಲ್ಲರೂ ಮೊಬೈಲಿನಲ್ಲಿ ಮುಳುಗಿದ್ದರು. ಕಣ್ಣು ಮಿಟುಕಿಸದೆ ನೋಡಿದವಳು ನಾನೊಬ್ಬಳೇ. ಮುಂದಿನ ಸೀಟಿನ ಮುದುಕ, ಮನ್ನಾಏಖೇಳ್ಳಿಯವನಂತೆ, ಕಿವಿ ನೋವೆಂದು ಅತ್ತುಬಿಟ್ಟ. ನೀನು ಅವನ ಮುಂದೆ ಮೊಣಕಾಲೂರಿ "ಉಗುಳು ನುಂಗ್ರಿ ಅಜ್ಜಾ, ಹಾಂ, ಹಂಗ, ಇನ್ನೊಮ್ಮಿ" ಎಂದು ಅವನ ಕೈ ಹಿಡಿದು ಕೂತೆ. ಎದೆಯುಬ್ಬಿ ಬಂತು ನನಗೆ. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ?

ಪಕ್ಕದವನು ತಲೆಯ ಮೇಲಿನ ಗುಂಡಿ ಒತ್ತಿದ ಕೂಡಲೇ ನಿನ್ನ ಜೊತೆಯ ಹುಡುಗಿ ಕರೀಮಾ ಓಡಿಬಂದಳು. ಅದನ್ನು ಕಂಡು ನಾನೂ ಒತ್ತಿದೆ. ಬಂದವಳು ಕರೀಮಾ, ನೀರು ಕೇಳಿದೆ. ಮತ್ತೆ ಒತ್ತಿದೆ, ಮತ್ತೆ ಅವಳೇ ಬಂದಳು, ಮತ್ತೆ ನೀರು! ಸಾಕು ಸಾಕಾಗಿ ಹೊಟ್ಟೆಯೆಲ್ಲ ನೀರಾದ ಮೇಲೆ ಕೊನೆಗೊಮ್ಮೆ ನೀನು ಬಂದೆ. ಗುಂಡಿ ಆರಿಸಿ, "ಇನ್ನೇನು ಬೇಕಾಗಿತ್ತು ಮ್ಯಾಮ್?" ಎಂದೆ. ಆ ಮುದುಕನಿಗೆ ನಕ್ಕಂತೆ, ಎಲ್ಲರಿಗೂ ನಕ್ಕಂತೆ ನನಗೂ ನಕ್ಕೆ. "ಏನೂ ಇಲ್ಲವಾ" ಎಂದೆ ನಾನು. ತಿರುಗಿ ಹೋಗುವಾಗ ನಿನ್ನ ಹಿಮ್ಮಡಿಗೆ ಅಂಟಿಸಿದ ಪಟ್ಟಿ ಕಂಡಿತು. ಆ ಬೂಟು ಕಚ್ಚುತ್ತದೆ, ಒಳಗೆ ಕೊಬ್ಬರಿ ಎಣ್ಣೆ ಸವರಿ ಹಾಕಿಕೋ.

ಇಳಿಯುವಾಗ ಚೀಲ ಬಿಚ್ಚಲಿಲ್ಲ. ನೀನು "ಥ್ಯಾಂಕ್ಯೂ ಮ್ಯಾಮ್" ಎಂದೆ, ನಾನೂ ಕೈ ಮುಗಿದು ಇಳಿದೆ. ಹಿಂದೆ ಜನ ನಿಂತಿದ್ದರು, ಅದಕ್ಕೇ ಎಂದು ತಿಳಿದುಕೋ. ಬೆಂಗಳೂರಿನಲ್ಲಿ ನನಗೇನು ಕೆಲಸ? ಸಂಜೆಯ ರೈಲು ಹಿಡಿದು ತಿರುಗಿ ಬಂದೆ. ಬಾಗಿಲಲ್ಲೇ ಇವರು "ಉಡಿ ತುಂಬಿದಿ ಏನು?" ಎಂದು ಕೇಳಿದರು. "ತುಂಬಿದೆ" ಎಂದೆ. "ಛಲೋ ಆತು" ಎಂದು ಖುಷಿಯಾಗಿ ಕುರಿಮರಿಯ ಔಷಧ ತರಲು ಹೋದರು. ಪಾಪ, ಒಳ್ಳೆಯ ಮನುಷ್ಯ.

ಯಾವಾಗ ಬಂದರೂ ಈ ಮನೆ ನಿನ್ನದೇ. ಗಾಳಿಯಲ್ಲಿ ಓಡಾಡುವ ಕೂಸನ್ನು ಖಂಡೋಬಾ ಕಾಯಲಿ.

ನಿನ್ನ ಅವ್ವ,
ಜಿಜಾಬಾಯಿ

ತಾ.ಕ.: ಜನ ನಿಂತಿದ್ದರೆಂದು ಬರೆದದ್ದು ಪೂರ್ತಿ ನಿಜವಲ್ಲ. ಎರಡನೆಯ ಸಲ ನೀರು ತಂದಾಗ ಕರೀಮಾ ನನ್ನ ಊರು ಕೇಳಿದಳು. ಹೇಳಿದೆ. "ಅಯ್ಯ, ನಮ್ಮ ಸಾಕ್ಷಿನೂ ಆ ಕಡಿಯಾಕಿನೇ ರಿ ಆಂಟಿ. ಪಾಪ, ಆಕಿಗಿ ತಾಯಿ ಇಲ್ರಿ. ತೀರಿಕೊಂಡು ವರ್ಷ ಆತಂತ" ಎಂದಳು. "ಹೌದೇನವಾ, ಪಾಪ. ನೀನರೆ ಜ್ವಾಕಿಯಿಂದ ನೋಡ್ಕೊ" ಎಂದೆ. ನಾನು ಯಾರೆಂದು ಹೇಳಲಿಲ್ಲ, ನೀನೂ ಹೇಳಬೇಡ, ಆ ಹುಡುಗಿ ನಿನ್ನ ಮೇಲೆ ಜೀವ ಇಟ್ಟಿದ್ದಾಳೆ. ಆದರೆ ನಾನು ಏನಾಗಿ ಸತ್ತೆನೆಂದು ಹೇಳಿದ್ದೀಯೋ ಅದೊಂದು ಬರೆದು ತಿಳಿಸು. ಎಲ್ಲಾದರೂ ಯಾರಾದರೂ ಕೇಳಿದರೆ ಇಬ್ಬರ ಮಾತೂ ಒಂದೇ ಇರಲಿ.