ಮೂವತ್ತೆಂಟು ಕಿಲೋಮೀಟರ್

ಲ್ಯಾಬಿನಿಂದ,
ಹದಿನಾರನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತಾ? ಭಾವ ಇನ್ನೂ ಮಾತ್ರೆ ನುಂಗಲು ಮಗುವಿನ ಹಾಗೆ ಹಟ ಮಾಡುತ್ತಾರಾ? ನನ್ನ ಆರೋಗ್ಯಕ್ಕೇನೂ ಆಗಿಲ್ಲ. ದಿನಾ ಮನೆಮನೆಗೆ ಹೋಗಿ ಊರವರ ರಕ್ತ ತೆಗೆದು ತರುತ್ತೇನೆ, ನನ್ನ ರಕ್ತ ಕುದಿಯುವುದನ್ನು ಮಾತ್ರ ಯಾರೂ ಪರೀಕ್ಷೆ ಮಾಡುವುದಿಲ್ಲ.

ಹೊಸ ಸುದ್ದಿಯೆಂದರೆ ಇವರು ಪೆಟ್ರೋಲ್ ಕಾರು ಮಾರಿ ಎಲೆಕ್ಟ್ರಿಕ್ ಕಾರು ತಂದಿದ್ದಾರೆ. ತಪ್ಪು ನನ್ನದೇ. ಕೊಳ್ಳುವ ಮೊದಲು "ದಿನಾ ಎಷ್ಟು ಓಡಿಸ್ತೀಯ, ಒಂದು ತಿಂಗಳು ಬರೆದಿಡು" ಅಂದರು. ಜಾಣೆ ಅನ್ನಿಸಿಕೊಳ್ಳುವ ಆಸೆಗೆ ನಾನೂ ಮೀಟರ್ ನೋಡಿ ನೋಡಿ ಬರೆದೆ: ಲ್ಯಾಬು, ಹನ್ನೊಂದು ಮನೆ, ವಾಪಸ್ಸು. ಸರಾಸರಿ ಮೂವತ್ತೆಂಟು ಕಿಲೋಮೀಟರ್. ಆ ತಿಂಗಳು ನೀನು ಮಗಳ ಹೆರಿಗೆಗೆಂದು ಅವಳ ಮನೆಯಲ್ಲಿದ್ದೆಯಲ್ಲ, ನಿನ್ನಲ್ಲಿಗೆ ಬರುವ ನೂರೈವತ್ತು ಕಿಲೋಮೀಟರ್ ಆ ಹಾಳೆಯಲ್ಲಿ ಸೇರಲೇ ಇಲ್ಲ. ಇವರು ಅದೇ ಹಾಳೆ ಹಿಡಿದು ಹೋಗಿ ಎಲ್ಲಕ್ಕಿಂತ ಚಿಕ್ಕ ಬ್ಯಾಟರಿಯ ಕಾರು ತಂದರು. ಪೂರ್ತಿ ಚಾರ್ಜ್ ಮಾಡಿದರೂ ನೂರಿಪ್ಪತ್ತು ದಾಟುವುದಿಲ್ಲ.

ಖರ್ಚಿನ ಮಾತಿನಲ್ಲಿ ಇವರನ್ನು ಸೋಲಿಸಲಾಗದು. ಪೆಟ್ರೋಲಿಗೆ ಸುರಿಯುತ್ತಿದ್ದುದರ ಕಾಲುಭಾಗವೂ ಕರೆಂಟಿಗೆ ಆಗುತ್ತಿಲ್ಲ, ಸುಳ್ಳೇಕೆ ಹೇಳಲಿ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಹಳೇ ಕಾರಿಗೆ ಬಂಕಿನಲ್ಲಿ ಐದು ನಿಮಿಷ ನಿಂತರೆ ಸಾಕಿತ್ತು, ನಿನ್ನ ಮನೆಗೆ ಹೊರಟುಬಿಡುತ್ತಿದ್ದೆ. ನಿನ್ನ ದಾರಿಯಲ್ಲಿ ಚಾರ್ಜ್ ಮಾಡುವ ಜಾಗ ಒಂದೂ ಇಲ್ಲ. ಸಾಲದ್ದಕ್ಕೆ ಕಾರು ಎಲ್ಲಿದೆ, ಎಷ್ಟು ಓಡಿತು ಎಂಬುದೆಲ್ಲ ಇವರ ಫೋನಿಗೆ ಹೋಗುತ್ತದೆ. ಮೊನ್ನೆ ಪಾರ್ಕಿನ ಹತ್ತಿರ ಸುಮ್ಮನೆ ಹತ್ತು ನಿಮಿಷ ನಿಲ್ಲಿಸಿದ್ದಕ್ಕೆ "ಅಲ್ಲಿ ಯಾವ ಪೇಷಂಟು?" ಎಂದು ಸಂಜೆ ವಿಚಾರಣೆ. ನಿನ್ನೆ ನಲವತ್ತೊಂದು ಆಗಿತ್ತು, "ಈ ಮೂರು ಎಲ್ಲಿಂದ ಬಂತು?" ಎಂದರು. ರಸ್ತೆ ಅಗೆದಿದ್ದಾರೆ, ಸುತ್ತಿ ಬಂದೆ ಅಂದರೂ ನಂಬಲಿಲ್ಲ. ಉಸಿರು ಕಟ್ಟುತ್ತದೆ, ಅಕ್ಕಾ. ನಾನೇ ಅಳೆದುಕೊಟ್ಟ ಹಗ್ಗದಲ್ಲಿ ನನ್ನನ್ನೇ ಕಟ್ಟಿಹಾಕಿದ್ದಾರೆ. ಜಗಳವಾಡಿ ನೋಡಿದೆ, ಅತ್ತು ನೋಡಿದೆ. "ನಿನಗೇನು ಕಡಿಮೆ ಮಾಡಿದ್ದೀನಿ?" ಅನ್ನುತ್ತಾರೆ.

ಭಾವನಿಗೆ ನಮಸ್ಕಾರ ಹೇಳು. ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ
ಪುಟ್ಟಿ

ವಿ.ಸೂ.: ಫೋನ್ ಮಾಡಬೇಡ, ಅದನ್ನೂ ನೋಡುತ್ತಾರೆ. ಇಪ್ಪತ್ತಾರನೇ ತಾರೀಕು ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ ಭಾವ ತಮ್ಮ ಕಾರು ತಂದು ಲ್ಯಾಬಿನ ಹಿಂಬಾಗಿಲಲ್ಲಿ ನಿಲ್ಲಿಸಲಿ. ನಮ್ಮದನ್ನು ಮುಂಬಾಗಿಲಲ್ಲೇ ಬಿಟ್ಟು ಬರುತ್ತೇನೆ. ನಾನು ಕೆಲಸದಲ್ಲೇ ಇದ್ದೇನೆಂದು ಸಂಜೆಯವರೆಗೂ ನಂಬಿಕೊಂಡಿರಲಿ. ಬಟ್ಟೆ ಒಂದೇ ಚೀಲ. ಟ್ಯಾಂಕ್ ತುಂಬಿಸಿಕೊಂಡೇ ಬರಲು ಹೇಳು, ದಾರಿಯಲ್ಲಿ ಎಲ್ಲೂ ನಿಲ್ಲುವುದು ಬೇಡ.