ಆರು ಪೌಂಡಿನ ವ್ಯತ್ಯಾಸ

೬ ಆಗಸ್ಟ್ ೧೯೭೯, ಸೋಮವಾರ. ಬೆಳಿಗ್ಗೆ ೬

ವಾಯುಭಾರ ೨೭.೭ ಅಂಗುಲ. ನಿನ್ನೆಗಿಂತ ಕೂದಲೆಳೆಯಷ್ಟು ಕಡಿಮೆ. ಮೋಡವಿದೆ, ಮಳೆಯಿಲ್ಲ. ನಿವೃತ್ತಿಯಾಗಿ ಮೂರು ವರ್ಷ — ಒಂದು ಬೆಳಗೂ ಈ ದಾಖಲೆ ತಪ್ಪಿಲ್ಲ.

ನಿನ್ನೆ ಕುಕ್ಕರಿನ ಶಿಟಿ ಕೆಟ್ಟಿತು. ಬಿಚ್ಚಿ, ತೊಳೆದು, ಒರೆಸಿ ಕೂಡಿಸಿದೆ. ಕೂಗಲಿಲ್ಲ. ಹೆಂಡತಿ ವಿಮಲಾ ನನ್ನನ್ನು ಕೇಳದೆಯೇ ಪುಂಡಲೀಕಪ್ಪನನ್ನು ಕರೆಸಿದಳು. ಐದು ನಿಮಿಷ. ಕೂಗಿತು.

"ಎಷ್ಟು ಶಾಣ್ಯಾ ಇದ್ದಾನ ನೋಡ್ರಿ. ಚಹಾ ಸುದ್ದಾ ಬ್ಯಾಡಂದ. ಮಾಸ್ತರ ಮನಿ ಅಲ್ಲೇನ್ರಿ ಅಂದ."

ಶಾಣ್ಯಾ! ಶಿರಹಟ್ಟಿಯಲ್ಲಿ ನನ್ನ ಕೈಕೆಳಗೆ ಏಳನೆಯ ಇಯತ್ತೆಯನ್ನು ಎರಡು ಸಲ ಓದಿದವ. ಎರಡನೆಯ ಸಲವೂ ವಿಜ್ಞಾನಕ್ಕೆ ಹದಿನೇಳು ಅಂಕ. ಈಗ ಬೆಟಗೇರಿಯ ಹತ್ತಿ ಗಿರಣಿಯಲ್ಲಿ ಫಿಟ್ಟರ್. ಲಕ್ಷ್ಮೇಶ್ವರವಿರಲಿ, ಮುಂಡರಗಿಯಿರಲಿ, ಬಾಯ್ಲರಿನ ಉಗಿಯ ಒತ್ತಡ ತೋರಿಸುವ ಗೇಜು ಕೆಟ್ಟರೆ ಇವನಿಗೇ ಕರೆ. 'ಗೇಜ್ ಪುಂಡಲೀಕ' ಎನ್ನುತ್ತಾರಂತೆ. ಒತ್ತಡ ಎಂಬ ಶಬ್ದಕ್ಕೆ ವ್ಯಾಖ್ಯೆ ಕೇಳಿದರೆ ಇಂದಿಗೂ ತಲೆ ಕೆರೆದುಕೊಂಡಾನು.

೧೨ ಆಗಸ್ಟ್, ರವಿವಾರ. ಸಂಜೆ

ಗಿರಣಿಯ ಮ್ಯಾನೇಜರ್ ಶ್ರೀಪಾದರಾಯರು ಮನೆಗೆ ಬಂದಿದ್ದರು. ಬಾಯ್ಲರಿಗೆ ಬೆಂಕಿ ಹಾಕುವ ಫೈರ್‌ಮನ್‌ಗಳಿಗಾಗಿ ಪ್ರತಿ ರವಿವಾರ ಒಂದು ವರ್ಗ — ಗೇಜು ಓದುವುದು ಹೇಗೆ, ಪರೀಕ್ಷಿಸುವುದು ಹೇಗೆ. ಸುತ್ತಲಿನ ಗಿರಣಿಗಳವರೂ ಬರುವರು. ಕೇಳುತ್ತಿದ್ದಂತೆಯೇ ಮೊದಲ ಪಾಠವನ್ನು ಮನಸ್ಸಿನಲ್ಲಿ ರಚಿಸಿಬಿಟ್ಟಿದ್ದೆ. ಪಾಸ್ಕಲನ ನಿಯಮದಿಂದ ಆರಂಭ. ಮೂವತ್ತೊಂದು ವರ್ಷ ಕಲಿಸಿದ್ದು.

"ಭಾಳ ಒಳ್ಳೇ ವಿಚಾರ" ಎಂದೆ. "ಯಾವಾಗಿಂದ ಬರಲಿ?"

ರಾಯರು ಚಹಾದ ಬಟ್ಟಲನ್ನು ಕೆಳಗಿಟ್ಟರು. "ಅಲ್ರಿ ಮಾಸ್ತರ... ಕಲಸಾಂವ ಪುಂಡಲೀಕಪ್ಪ. ನಿಮ್ಮ ಶಾಲೀದು ಒಂದು ಹಳೇ ಕರಿಹಲಗಿ ಸಿಕ್ಕೀತೇನು ಅಂತ ಕೇಳಾಕ ಬಂದಿದ್ದೆ."

ಕೊಡಿಸುತ್ತೇನೆ ಎಂದೆ. ಕೊಡಿಸಿದೆ.

೧೯ ಆಗಸ್ಟ್, ರವಿವಾರ. ಮಧ್ಯಾಹ್ನ

ವರ್ಗಕ್ಕೆ ಹೋಗಿ ಹಿಂದಿನ ಬಾಕಿನ ಮೇಲೆ ಕುಳಿತೆ. ಹಲಗೆಯ ಸ್ಥಿತಿ ನೋಡಿ ಬರುವುದು ನನ್ನ ಕರ್ತವ್ಯ ಎಂದು ವಿಮಲಾಳಿಗೆ ಹೇಳಿದ್ದೆ.

ಅವನು ಒತ್ತಡ ಎನ್ನುವುದಿಲ್ಲ. 'ಜೋರು' ಎನ್ನುತ್ತಾನೆ. ಅಕ್ಷರ ಸೊಟ್ಟ. ಒಟ್ಟು ಒಂಬತ್ತು ದೋಷಗಳನ್ನು ಗುರುತು ಮಾಡಿಕೊಂಡೆ. ಆಮೇಲೆ ಜೇಬಿನಿಂದ ಮಕ್ಕಳ ಕಾಗದದ ಪೀಪಿಯೊಂದನ್ನು ತೆಗೆದ — ಸುರುಳಿ ಸುತ್ತಿಕೊಂಡಿರುತ್ತದಲ್ಲ, ಊದಿದರೆ ಬಿಚ್ಚಿಕೊಳ್ಳುವಂಥದು. ಊದಿದ. ಅದು ನೆಟ್ಟಗಾಗಿ ಮುಂದಿನವನ ಮೂಗಿಗೆ ತಗಲಿತು. ಎಲ್ಲರೂ ನಕ್ಕರು.

"ಗೇಜಿನ ಹೊಟ್ಟ್ಯಾಗ ಹಿಂಗಾ ಒಂದು ಬಾಗಿದ ಹಿತ್ತಾಳಿ ಕೊಳವಿ ಐತಿ. ಉಗಿ ಜೋರ ಮಾಡಿದಂಗ ನೆಟ್ಟಗ ಆಗಾಕ ನೋಡತೈತಿ. ಅದರ ತುದಿ ಮುಳ್ಳನ್ನ ತಿರವತೈತಿ. ಉಗಿ ನಮ್ಮ ಕಣ್ಣಿಗೆ ಕಾಣಾಂಗಿಲ್ಲ, ಮುಳ್ಳು ಕಾಣತೈತಿ. ಆದ್ರ ಮುಳ್ಳೂ ಸುಳ್ಳು ಹೇಳಬಹುದು. ಅದಕ್ಕ ವರ್ಷಕ್ಕೊಮ್ಮೆ ಮುಳ್ಳಿಂದಾ ಪರೀಕ್ಷಾ."

ಎಲ್ಲರಿಗೂ ತಿಳಿಯಿತು. ಮುಖ ನೋಡಿದರೆ ಶಿಕ್ಷಕನಿಗೆ ಗೊತ್ತಾಗುತ್ತದೆ. ಇದೇ ಕೊಳವೆಯನ್ನು ಮೂವತ್ತೊಂದು ವರ್ಷ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದೆ. ಆ ಪೀಪಿ ನನಗೇಕೆ ಹೊಳೆಯಲಿಲ್ಲ?

ಮನೆಗೆ ಬಂದು ಊಟ ಸೇರಲಿಲ್ಲ.

೨೪ ಆಗಸ್ಟ್, ಶುಕ್ರವಾರ

ಹತ್ತಿಯ ಹಂಗಾಮಿನ ಮೊದಲು ಬಾಯ್ಲರನ್ನು ತಣಿಸಿ, ಒಳಗಿನ ಕಿಟ್ಟ ಕೆರೆಯುತ್ತಾರೆ. ಗೇಜು ಬಿಚ್ಚಿಡುತ್ತಾರೆ. ಬಜಾರಿನಲ್ಲಿ ಶ್ರೀಪಾದರಾಯರು ಭೆಟ್ಟಿಯಾದಾಗ ಸಹಜವೆಂಬಂತೆ ಹೇಳಿದೆ: "ರಿಪೇರಿ ಮಾಡಿದಾಂವನ ತಾನ ಪಾಸ್ ಮಾಡಬಾರದು. ಪರೀಕ್ಷಾ ಬರದಾಂವ ತನ್ನ ಪೇಪರ ತಾನ ತಪಾಸ ಮಾಡತಾನೇನ್ರಿ?"

ಯೋಚಿಸಿದರು. "ಅದೂ ಖರೇನ" ಎಂದರು.

ತತ್ತ್ವ ಸರಿಯಾದದ್ದೇ. ಆದರೆ ತತ್ತ್ವಕ್ಕಾಗಿ ನಾನು ಅದನ್ನು ಹೇಳಲಿಲ್ಲ... ಇಲ್ಲಿಯಾದರೂ ಸತ್ಯ ಬರೆಯಬೇಕು.

೨೭ ಆಗಸ್ಟ್, ಸೋಮವಾರ. ಬೆಳಿಗ್ಗೆ ೧೦

ಪರೀಕ್ಷೆಗೆಂದು ರಾಯರು ಕಳಿಸಿದ ಗೇಜು ಬಂದಿದೆ, ಅರಿವೆಯಲ್ಲಿ ಸುತ್ತಿಕೊಂಡು. ಊಟದ ತಟ್ಟೆಯಷ್ಟು ಅಗಲ, ಹಿತ್ತಾಳೆಯ ಅಂಚು. ಮೇಜಿನ ಮೇಲೆ ಇಟ್ಟೆ. ಯಾವುದಕ್ಕೂ ಜೋಡಿಸಿಲ್ಲ, ಒಳಗೆ ಒತ್ತಡವಿಲ್ಲ. ಮುಳ್ಳು ಸೊನ್ನೆಯ ಮೇಲೆ ನಿಲ್ಲಬೇಕು.

ನಿಂತಿಲ್ಲ. ಸೊನ್ನೆಗಿಂತ ಕೆಳಗೆ, ಸುಮಾರು ಆರು ಪೌಂಡಿನಷ್ಟು. ಅಷ್ಟೇ ಅಲ್ಲ — ಮುಳ್ಳು ಕೆಳಗಿಳಿಯದಂತೆ ಸೊನ್ನೆಯ ಬಳಿ ಒಂದು ಸಣ್ಣ ಮೊಳೆ ಇರುತ್ತದೆ. ಅದನ್ನು ಯಾರೋ ಕಿತ್ತಿದ್ದಾರೆ. ಯಾರೋ ಏನು, ಅವನೇ.

ಆ ಅಂಕಿಯನ್ನು ಎರಡು ಸಲ ಬರೆದುಕೊಂಡೆ. ಸಂತೋಷಕ್ಕೆ.

೨೯ ಆಗಸ್ಟ್, ಬುಧವಾರ. ಸಂಜೆ ೫

ಎರಡು ದಿನದ ಪರೀಕ್ಷೆ. ಐದು ಅಡಿ ಗಾಜಿನ ಕೊಳವೆ, ನನ್ನ ಬಳಿಯಿದ್ದ ಪಾದರಸ, ಸೈಕಲ್ ಪಂಪು. ಪಾದರಸ ಎರಡು ಅಂಗುಲ ಏರಿದರೆ ಒಂದು ಪೌಂಡು, ಚಿಲ್ಲರೆ ವ್ಯತ್ಯಾಸವನ್ನೂ ಹಿಡಿದಿದ್ದೇನೆ. ಪಾದರಸ ಹತ್ತು ಎಂದಾಗ ಗೇಜು ನಾಲ್ಕು. ಇಪ್ಪತ್ತು ಎಂದಾಗ ಹದಿನಾಲ್ಕು. ಇಪ್ಪತ್ತೈದಕ್ಕೆ ಹತ್ತೊಂಬತ್ತು. ಏರುವಾಗಲೂ ಇಳಿಯುವಾಗಲೂ ಅದೇ ಆರು.

ಅಂದರೆ ಬಾಯ್ಲರಿನಲ್ಲಿ ನೂರಾಆರು ಪೌಂಡು ಉಗಿ ಇದ್ದರೆ ಫೈರ್‌ಮನ್ನಿಗೆ ಕಾಣುವುದು ನೂರು. ಇಂಥವನು ಕಲಿಸುತ್ತಾನೆ. ಇಂಥವನಿಗೆ ನನ್ನ ಶಾಲೆಯ ಹಲಗೆ.

ವಿಮಲಾ ಬಾಗಿಲಲ್ಲಿ ನಿಂತು ನೋಡಿದಳು. "ಅವನ್ನ ಒಮ್ಮೆ ಕರದು ಕೇಳ್ರೆಲಾ, ಯಾಕ ಹಿಂಗ ಮಾಡೀಪಾ ಅಂತ."

"ಅಂಕಿ ಹೇಳತಾವ. ಅವನ್ನೇನು ಕೇಳೂದು?"

೨ ಸೆಪ್ಟೆಂಬರ್, ರವಿವಾರ. ಮಧ್ಯಾಹ್ನ

ಗಿರಣಿಯ ಆಫೀಸು. ರಾಯರು, ನಾನು, ವರ್ಗಕ್ಕೆ ಬಂದಿದ್ದ ಎಲ್ಲ ಫೈರ್‌ಮನ್‌ಗಳು. ಪುಂಡಲೀಕಪ್ಪ ಬಾಗಿಲ ಬಳಿ ನಿಂತಿದ್ದ, ನಲವತ್ತು ದಾಟಿದವ, ಏಳನೆಯ ಇಯತ್ತೆಯಲ್ಲಿ ನಿಲ್ಲುತ್ತಿದ್ದಂತೆಯೇ, ಕೈ ಹಿಂದೆ ಕಟ್ಟಿ.

ನನ್ನ ಪದ್ಧತಿಯಂತೆಯೇ ಕೇಳಿದೆ. "ಹೌದು ಇಲ್ಲಾ ಅಷ್ಟ ಹೇಳು. ಒತ್ತಡ ಇಲ್ಲದಾಗ ಗೇಜು ಸೊನ್ನೆ ತೋರಿಸಬೇಕೋ ಬ್ಯಾಡೋ?"

"ಬೇಕ್ರಿ ಸರ. ಆದ್ರ ಆ ಪೈಪ—"

"ಹೌದೋ ಇಲ್ಲೋ?"

"ಹೌದ್ರಿ."

"ಮೊಳೆ ಕಿತ್ತಾಂವ ನೀನೇನು?"

"ಹೌದ್ರಿ."

"ಮುಳ್ಳನ್ನ ಆರು ಪೌಂಡು ಹಿಂದಕ್ಕ ಕೂಡಿಸಿದಾಂವ?"

"ನಾನರಿ ಸರ."

ಮೂರು ಹೌದು. ಅವನು ನನ್ನ ಮುಖ ನೋಡಿದ. ಮತ್ತೊಂದು ಪ್ರಶ್ನೆ ಬರಬಹುದೆಂದು ಕಾದಂತಿತ್ತು. ನಾನು ಕೇಳಲಿಲ್ಲ. ಶಾಲೆಯಲ್ಲಿಯೂ ಅವನು ಕೇಳದೆ ಮಾತಾಡಿದವನಲ್ಲ.

ರಾಯರು ಅವನನ್ನು ಗೇಜಿನ ಕೆಲಸದಿಂದ ಬಿಡಿಸಿದರು. ಇನ್ನು ಹತ್ತಿಯ ಬೀಜ ಬಿಡಿಸುವ ಜಿನ್ನುಗಳಿಗೆ ಎಣ್ಣೆ ಬಿಡುವುದು. ವರ್ಗ ನನಗೆ.

ಮುಳ್ಳನ್ನು ಕಿತ್ತು ಸೊನ್ನೆಯ ಮೇಲೆ ಕೂಡಿಸಿದೆ. ಹೊಸ ಮೊಳೆ ಬಡಿದೆ. ಪಾಸು ಚೀಟಿಗೆ ಸಹಿ ಮಾಡಿದೆ.

೧೮ ಸೆಪ್ಟೆಂಬರ್, ಮಂಗಳವಾರ

ಲಕ್ಷ್ಮೇಶ್ವರದಿಂದ ಗೇಜು ಬಂತು, ಅವನೇ ಪಾಸು ಮಾಡಿದ್ದು. ಸುದ್ದಿ ಅಲ್ಲಿಗೂ ಮುಟ್ಟಿದೆ. ಪರೀಕ್ಷಿಸಿದೆ. ದೋಷವಿಲ್ಲ. ಸೊನ್ನೆಗೆ ಸೊನ್ನೆ, ಇಪ್ಪತ್ತೈದಕ್ಕೆ ಇಪ್ಪತ್ತೈದು. ಮತ್ತೆ ಮಾಡಿದೆ. ಮೂರನೆಯ ಸಲವೂ ಮಾಡಿದೆ.

ಒಂದು ಪೌಂಡಾದರೂ ತಪ್ಪಿದ್ದರೆ ಎಂದು ಬಯಸಿದೆನೇ? ಬಯಸಿದೆ.

೩೦ ಸೆಪ್ಟೆಂಬರ್, ರವಿವಾರ. ಸಂಜೆ

ಗಿರಣಿಯಲ್ಲಿ ಮಹಾನವಮಿಯ ಖಂಡೆಪೂಜೆ. ಬಾಯ್ಲರಿಗೆ ವಿಭೂತಿ, ಜಿನ್ನುಗಳಿಗೆ ಚೆಂಡುಹೂವು. ಗೇಜನ್ನು ತಾಟಿನಲ್ಲಿಟ್ಟು ಆಫೀಸಿಗೇ ತಂದಿದ್ದರು. ಪೂಜೆ ಮುಗಿದ ಮೇಲೆ ಗೇಜಿನವನಿಗೆ ಮೊದಲ ಕಾಯಿಹೋಳು, ಶಾಲು — ಇದು ಈ ಗಿರಣಿಯ ರೂಢಿ. ಹನ್ನೊಂದು ವರ್ಷ ಅವನಿಗೆ ಸಂದದ್ದು. ಈ ವರ್ಷ ನನಗೆ.

ಅವನು ಕೈಗೆಲ್ಲ ಎಣ್ಣೆ ಮೆತ್ತಿಕೊಂಡು ಆಳುಗಳ ಸಾಲಿನಲ್ಲಿ ನಿಂತಿದ್ದ. ಪ್ರಸಾದ ಇಸಿದುಕೊಳ್ಳುವಾಗ ನಮಸ್ಕಾರ ಮಾಡಿದ. ಅದರಲ್ಲಿ ವ್ಯಂಗ್ಯ ಹುಡುಕಿದೆ. ಸಿಗಲಿಲ್ಲ. ಅದಕ್ಕೇ ಸಿಟ್ಟು ಬಂತು.

೫ ನವೆಂಬರ್, ಸೋಮವಾರ

ಬಹಳ ದಿನ ಬರೆದಿಲ್ಲ. ವಾಯುಭಾರವನ್ನೂ.

ಹಂಗಾಮು ಆರಂಭವಾಗಿ ಎಂಟು ದಿನ. ರಾಯರ ಚೀಟಿ ಬಂದಿದೆ. ಪ್ರೆಸ್ಸು ಹತ್ತಿಯನ್ನು ಮೊದಲಿನಂತೆ ಅದುಮುತ್ತಿಲ್ಲ. ಕಟ್ಟಿದ ಹತ್ತಿಯ ಅಂಡಿಗೆಗಳು ಉಬ್ಬಿವೆ, ಕಬ್ಬಿಣದ ಪಟ್ಟಿಯ ತುದಿಗಳು ಒಂದಕ್ಕೊಂದು ಮುಟ್ಟುತ್ತಿಲ್ಲ. ಉಗಿ ಸಾಲದು ಎನ್ನುತ್ತಾರೆ. ಗೇಜು ಮಾತ್ರ ನೂರು ತೋರಿಸುತ್ತಿದೆ. ಮತ್ತೊಂದು — ನೂರಾಹತ್ತಕ್ಕೆ ತಾನೇ ತೆರೆದುಕೊಂಡು ಉಗಿ ಬಿಡಬೇಕಾದ ಸೇಫ್ಟಿ ವಾಲ್ವು ನೂರಾಹದಿನಾರಕ್ಕೆ ತೆರೆಯುತ್ತಿದೆಯಂತೆ.

ವಾಲ್ವು ಕೆಟ್ಟಿದೆ ಎಂದು ಉತ್ತರ ಬರೆದೆ. ಅದೂ ಅವನೇ ಕೂಡಿಸಿದ್ದಲ್ಲವೇ. ಗುರುವಾರ ನಾನೇ ಹೋಗಿ, ಎದುರಿಗೆ ನಿಂತು ಸರಿಮಾಡಿಸುತ್ತೇನೆ.

೮ ನವೆಂಬರ್, ಗುರುವಾರ. ಮಧ್ಯಾಹ್ನ ೧

ಮೊದಲ ಸಲ ಬಾಯ್ಲರಿನ ಮನೆಯೊಳಗೆ ಕಾಲಿಟ್ಟೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು: ಮೊದಲ ಸಲ. ಗೇಜು ನನ್ನ ಮೇಜಿಗೆ ಬಂದಿತ್ತು. ನಾನು ಗೇಜಿನ ಮನೆಗೆ ಹೋಗಿರಲಿಲ್ಲ.

ಬೆಂಕಿ ಹಾಕುವ ಜಾಗ ತಗ್ಗಿನಲ್ಲಿದೆ. ಎಂಟು ಮೆಟ್ಟಿಲು ಇಳಿಯಬೇಕು. ಗೇಜು ಅಲ್ಲಿ, ಫೈರ್‌ಮನ್ ಹುಚ್ಚೀರಪ್ಪನ ಕಣ್ಣಿನ ಮಟ್ಟಕ್ಕೆ. ಅದರ ಪೈಪು ಗೋಡೆಗುಂಟ ಮೇಲೆ ಹೋಗಿದೆ. ನೋಡುತ್ತ ಹೋದೆ. ಬಾಯ್ಲರಿನ ನೆತ್ತಿಯವರೆಗೆ.

"ಹುಚ್ಚೀರಪ್ಪ, ಈ ಪೈಪು ಎಷ್ಟು ಉದ್ದ?"

"ಹದಿನಾಕು ಫೂಟರಿ. ಪುಂಡಲೀಕಣ್ಣ ಅಳದಿದ್ದ."

"ಇದರಾಗ ಏನಿರತದ?"

ನನ್ನನ್ನು ವಿಚಿತ್ರವಾಗಿ ನೋಡಿದ. "ನೀರ್ರಿ. ಉಗಿ ಅದರಾಗ ತಣ್ಣಗಾಗಿ ನೀರ ಆಗತೈತಲ್ರಿ. ಯಾವಾಗ್ಲೂ ತುಂಬಿರತೈತಿ."

ಹದಿನಾಲ್ಕು ಅಡಿ ನಿಂತ ನೀರು. ಎರಡು ಅಡಿ ನಾಲ್ಕು ಅಂಗುಲಕ್ಕೆ ಒಂದು ಪೌಂಡು. ಬೆರಳ ಮೇಲೆ ಲೆಕ್ಕ ಹಾಕಿದೆ, ಮಕ್ಕಳಂತೆ. ಆರು.

ಇಲ್ಲಿ ಉಗಿಯ ಒತ್ತಡದ ಜೊತೆಗೆ ಆ ನೀರಿನ ಭಾರವೂ ಗೇಜಿನ ಮೇಲಿದೆ. ಗೇಜು ಆರು ಹೆಚ್ಚು ತೋರಿಸುತ್ತದೆ. ಅದಕ್ಕಾಗಿ ಅವನು ಮುಳ್ಳನ್ನು ಆರು ಹಿಂದಕ್ಕೆ ಕೂಡಿಸಿದ್ದ. ಮುಳ್ಳು ಕೆಳಗಿಳಿಯಲೆಂದೇ ಮೊಳೆ ಕಿತ್ತಿದ್ದ. ನನ್ನ ಮೇಜಿನ ಮೇಲೆ ಅದು ತಪ್ಪು. ಈ ತಗ್ಗಿನಲ್ಲಿ ಅದೇ ಸರಿ. ನಾನು 'ಸರಿ' ಮಾಡಿದ ಮೇಲೆ ಗೇಜು ನೂರು ಎಂದಾಗ ಬಾಯ್ಲರಿನಲ್ಲಿ ತೊಂಬತ್ನಾಲ್ಕು. ಅಂಡಿಗೆ ಉಬ್ಬದೆ ಏನು ಮಾಡೀತು? ವಾಲ್ವು ಸರಿಯಾಗಿಯೇ ಇದೆ. ಲಕ್ಷ್ಮೇಶ್ವರದಲ್ಲಿ ಗೇಜು ಬಾಯ್ಲರಿನ ತಲೆಯ ಮಟ್ಟಕ್ಕೇ ಇದ್ದೀತು.

ದ್ರವದ ಒತ್ತಡ ಆಳಕ್ಕೆ ತಕ್ಕಂತೆ ಹೆಚ್ಚುತ್ತದೆ. ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿದೆ.

ವಾಲ್ವು ಮುಟ್ಟಬೇಡ ಎಂದು ಹುಚ್ಚೀರಪ್ಪನಿಗೆ ಹೇಳಿ ಬಂದೆ. ಯಾಕೆ ಎಂದು ಹೇಳಲಿಲ್ಲ.

೧೦ ನವೆಂಬರ್, ಶನಿವಾರ. ಸಂಜೆ

ನಿನ್ನೆಯಿಡೀ ಪತ್ರ ಬರೆದೆ, ರಾಯರಿಗೆ. ಮೊದಲನೆಯದರಲ್ಲಿ 'ಇಬ್ಬರ ಅಭಿಪ್ರಾಯದಲ್ಲಿಯೂ ತಥ್ಯವಿದೆ'. ಎರಡನೆಯದರಲ್ಲಿ 'ಸ್ಥಳೀಯ ಪರಿಸ್ಥಿತಿಯ ಕಾರಣದಿಂದ'. ವಿಮಲಾ ಎರಡನ್ನೂ ಓದಿದಳು. "ಭಾಷಾ ಛಂದ ಅದ. ತಪ್ಪು ಯಾರದು ಅಂತ ತಿಳಿಯೂದಿಲ್ಲ" ಎಂದಳು.

ಇಂದು ಪುಂಡಲೀಕಪ್ಪನ ಮನೆಗೆ ಹೋದೆ. ಹೆಂಡತಿ ಕಸ್ತೂರೆವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಬರ್ರಿ ಮಾಸ್ತರ. ನಮ್ಮ ಮನ್ಯಾಗ ಈಗ ಯಾವ ಗೇಜೂ ಇಲ್ರಿ, ತಪಾಸ ಮಾಡಾಕ."

"ಸುಮ್ಕಿರ. ಕುಂಡ್ರಿ ಸರ" ಎಂದು ಅವನು ಚಾಪೆ ಹಾಸಿದ.

ಹೇಳಿದೆ. ಪೈಪು, ನೀರು, ಆರು ಪೌಂಡು. ಅವನು ಎಲ್ಲವನ್ನೂ ಗೊತ್ತಿಲ್ಲದವನಂತೆ ಕೇಳಿದ. ಕೊನೆಗೆ ನನ್ನಿಂದ ತಡೆಯಲಾಗಲಿಲ್ಲ: "ನಿನಗ ಇದು ನೆನಪಿದ್ದದ್ದು ಸಂತೋಷ. ಮೂರು ತೂತಿನ ಡಬ್ಬಿಯಾಗ ನೀರು ತುಂಬಿ ತೋರಿಸಿದ್ದೆ. ಕೆಳಗಿನ ತೂತಿನ ನೀರು ಎಲ್ಲಾಕಿಂತಾ ರಭಸದಿಂದ ಚಿಮ್ಮತದ ಅಂತ."

"ಅವತ್ತು ನಾ ಶಾಲಿಗೆ ಬಂದಿದ್ದಿಲ್ರಿ ಸರ" ಎಂದ, ಬಹಳ ಸೌಮ್ಯವಾಗಿ. "ಮುಂಡರಗ್ಯಾಗ ಒಂದು ಬಾಯ್ಲರಿಗೆ ಎರಡು ಗೇಜಿದ್ದೂ. ಒಂದು ಮ್ಯಾಲ, ಒಂದು ಕೆಳಗ. ಎರಡೂ ಬ್ಯಾರೆ ಬ್ಯಾರೆ ಹೇಳ್ತಿದ್ದೂ. ಅದಲು ಬದಲು ಮಾಡಿದೆ, ಆದ್ರೂ ಕೆಳಗಿಂದ ಹೆಚ್ಚು. ಮೂರು ದಿನ ಅಲ್ಲೇ ಕುಂತೆ. ಆಮ್ಯಾಲ ತಿಳೀತು."

ಮೂರು ದಿನ. ಪುಸ್ತಕವಿಲ್ಲದೆ. ಒಂದು ಕ್ಷಣ ಅವನ ಮೇಲೆ ಎಂಥ ಮತ್ಸರ ಬಂತೆಂದರೆ, ಮುಳ್ಳು ಸರಿಮಾಡುವೆನೆಂದು ಹೇಳಿ ಎದ್ದು ಬಂದುಬಿಡೋಣವೆನಿಸಿತು.

ನಾಳೆಯಿಂದ ನೀನೇ ವರ್ಗ ನಡೆಸು, ರಾಯರಿಗೆ ನಾನು ಹೇಳುತ್ತೇನೆ ಎಂದೆ.

ಅವನು ತಲೆಯಾಡಿಸಲಿಲ್ಲ. "ಸರ, ನನ್ನ ಹೆಸರ ಕೆಟ್ಟದ್ದು ಎಲ್ಲಾರ ಮುಂದ. ನೀವು ಚಾಪಿ ಮ್ಯಾಲ ಕುಂತು ನನಗ ಹೇಳಿದ್ರ ಏನಾತ್ರಿ? ನನಗ ಮೊದಲ ಗೊತ್ತಿತ್ತು. ಅವರಿಗೆ ಹೇಳ್ರಿ."

೧೧ ನವೆಂಬರ್, ರವಿವಾರ. ಮಧ್ಯಾಹ್ನ ೨

ಹೇಳಿದೆ.

ಅದೇ ಆಫೀಸು, ಅದೇ ಜನ. ಪೈಪಿನ ಚಿತ್ರ ಬರೆದೆ. ಹದಿನಾಲ್ಕು ಅಡಿ ಎಂದು ಗುರುತಿಸಿದೆ. ತಪ್ಪು ನನ್ನದು ಎಂದೆ. ಗೇಜನ್ನು ತಗ್ಗಿಗಿಳಿದು ನೋಡದೆ ತಪ್ಪೆಂದು ಸಾರಿದೆ; ಪುಂಡಲೀಕಪ್ಪ ಹೇಳಲು ಬಂದಾಗ ಬಾಯಿ ಮುಚ್ಚಿಸಿದೆ ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ರಾಯರು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ, "ಪುಂಡಲೀಕಪ್ಪ, ನಾಳಿಂದ ಬಾಯ್ಲರ್ ಕಡೆ ಬಾ" ಎಂದರು.

ಸೀಮೆಸುಣ್ಣ ಅವನ ಕೈಗೆ ಕೊಟ್ಟೆ. ಹಿಂದಿನ ಬಾಕಿಗೆ ಹೋಗಿ ಕುಳಿತೆ. ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ.

ಮುಂಡರಗಿಯ ಫೈರ್‌ಮನ್ ಒಬ್ಬ ಎದ್ದು ಕೇಳಿದ: "ಹಂಗಾದ್ರ ಗೇಜು ಬಾಯ್ಲರಿಗಿಂತ ಮ್ಯಾಲಿದ್ರ ಏನ ಮಾಡೂದು?"

ಎಲ್ಲರ ಮುಖ ಪುಂಡಲೀಕಪ್ಪನ ಕಡೆ ತಿರುಗಿತು. ಒಂದೂ ನನ್ನ ಕಡೆ ಇಲ್ಲ. ಅವನು ಸೀಮೆಸುಣ್ಣ ಹಿಡಿದು ಯೋಚಿಸುತ್ತ ನಿಂತ. ನಿಧಾನ, ಯಾವಾಗಲೂ ನಿಧಾನ. ಉತ್ತರ ನನ್ನ ಬಾಯಲ್ಲಿತ್ತು, ಅವನಿಗಿಂತ ಮೊದಲು. ಅರವತ್ತೊಂದು ವರ್ಷದ ನಾನು ಬಾಕಿನ ಮೇಲೆ ಕೈ ಎತ್ತಿದೆ.

ಅವನು ನೋಡಿದ. "ಹೇಳ್ರಿ ಸರ."

ಎದ್ದು ನಿಂತೆ. ಗೇಜು ಮೇಲಿದ್ದರೆ, ಎಂದೆ, ಆ ಪೈಪಿನಲ್ಲಿ ನೀರು ನಿಂತಿದೆಯೋ ಇಲ್ಲವೋ ಮೊದಲು ಅಲ್ಲಿಗೇ ಹೋಗಿ ನೋಡಬೇಕು; ನಿಂತಿದ್ದರೆ ಗೇಜು ಅಷ್ಟು ಕಡಿಮೆ ತೋರಿಸುತ್ತದೆ, ಮುಳ್ಳನ್ನು ಮುಂದಕ್ಕೆ ಕೂಡಿಸಬೇಕು. ಅವನು ಅದನ್ನೇ ಹಲಗೆಯ ಮೇಲೆ ಬರೆದ.