ಹೆಸರಿಲ್ಲದ ದೂರಿನಲ್ಲೊಂದು ತಪ್ಪು

ಆಯೋವಾ, ೧೪ ಮೇ ೧೯೧೮

ಪ್ರಿಯ ಕೋರಾ,

ಇವತ್ತು ಪ್ರಿನ್ಸಿಪಾಲರು ನನ್ನನ್ನು ಕೆಲಸದಿಂದ ತೆಗೆದರು. "ಯುದ್ಧ ಮುಗಿಯೋವರೆಗೂ ಕಾಲೇಜಲ್ಲಿ ಜರ್ಮನ್ ಪಾಠ ಬೇಡ ಮೇಡಂ" ಎನ್ನುತ್ತಾ ಹೆಸರಿಲ್ಲದ ದೂರೊಂದನ್ನು ಕೈಗಿತ್ತರು. ಮನೆಯಲ್ಲಿ ಊಟಕ್ಕೆ ಮುಂಚೆ ನಾನು ಶತ್ರುವಿನ ಭಾಷೆಯಲ್ಲಿ ಪ್ರಾರ್ಥಿಸುತ್ತೇನಂತೆ. ಆ ಪ್ರಾರ್ಥನೆಯನ್ನೂ ಜರ್ಮನ್ನಿನಲ್ಲೇ ಬರೆದಿತ್ತು.

ನಿನ್ನ ಲೈಬ್ರರಿಯ ಎರಡು ಜರ್ಮನ್ ಪುಸ್ತಕಗಳು ಇದರೊಂದಿಗಿವೆ, ಊರಲ್ಲಿ ಅಂಥವನ್ನು ಸುಡುತ್ತಿರುವವರಿಗೆ ಕೊಡು. ನಿನ್ನ ನೆಲಮಾಳಿಗೆಯಲ್ಲಿರುವ ನಾನು ಕೊಟ್ಟ ಹುಳಿಕೋಸಿನ ಜಾಡಿಗೆ, ಅದರ ಜರ್ಮನ್ ಹೆಸರು ಬಿಟ್ಟು, ಈಗ ಎಲ್ಲರೂ ಕರೆಯುವಂತೆ 'ಸ್ವಾತಂತ್ರ್ಯದ ಕೋಸು' ಎಂದು ಚೀಟಿ ಅಂಟಿಸಿ ತಿನ್ನು.

ಇನ್ನೊಂದು ಮಾತು. ರೊಟ್ಟಿಗೆ ನಾವು ಅನ್ನುವುದು 'ಬ್ರೋಟ್', 'ಬ್ರೋಡ್' ಅಲ್ಲ. ಪ್ರತಿ ಭಾನುವಾರ ನನ್ನ ಮನೆಯಲ್ಲಿ ಉಂಡು ನೀನು ಜರ್ಮನ್ ಕಲಿಯುವಾಗ ಹತ್ತು ವರ್ಷದಿಂದ ಇದೊಂದನ್ನೇ ತಿದ್ದುತ್ತಿದ್ದೇನೆ. ದೂರಿನಲ್ಲಿದ್ದ ಪ್ರಾರ್ಥನೆಯಲ್ಲೂ ಅದನ್ನೇ ಕೆಂಪು ಶಾಯಿಯಲ್ಲಿ ತಿದ್ದಿಟ್ಟು ಬಂದೆ.

ನಿನ್ನ ಟೀಚರ್,
ಒಟ್ಟೀಲಿಯಾ